ಹಳದಿ ಬಾರದ ನೀರು

ಬೆಳಿಗ್ಗೆ ಎಂಟಕ್ಕೆ ಬೋಳಾರದ ಮೊದಲ ನಲ್ಲಿ.
ಗಾಜಿನ ಕೊಳವೆಗೆ ಗೆರೆಯವರೆಗೆ ನೀರು,
ಅದಕ್ಕೆ ಎರಡು ಹನಿ ಮದ್ದು,
ಎತ್ತಿ ಆಕಾಶಕ್ಕೆ ಹಿಡಿಯುತ್ತೇನೆ.
ಹಳದಿ ಬಂದರೆ ಪುಸ್ತಕದಲ್ಲಿ ಸಹಿ.
ಬಾರದಿದ್ದರೆ ಪಂಪ್‌ಹೌಸಿಗೆ ಫೋನು:
ಅಣ್ಣಾ, ಗ್ಯಾಸು ಸ್ವಲ್ಪ ಏರಿಸಿ, ಇಲ್ಲಿಗೆ ಮುಟ್ಟುವುದಿಲ್ಲ.

ಹನ್ನೊಂದು ವರ್ಷದಿಂದ ನನಗೆ ಇದೇ ಕೆಲಸ,
ಕಂಡವರ ಅಂಗಳದಲ್ಲಿ ಹಳದಿ ಹುಡುಕುವುದು.
ಮದುಮಗಳ ಅರಸಿನದಷ್ಟು ಬೇಡ,
ಹಳೆಯ ಬನಿಯನ್ನಿನ ಕಂಕುಳಷ್ಟು ಸಾಕು.
ಅಷ್ಟಿದ್ದರೆ ಊರಿಗೆ ವಾಂತಿಭೇದಿ ಇಲ್ಲ.

ಕಾರ್ತೆಲಿನ ಮೊದಲ ಮಳೆಗೆ
ನೇತ್ರಾವತಿ ಹೋಟೆಲಿನ ಚಹಾದ ಬಣ್ಣಕ್ಕೆ ತಿರುಗಿತು.
ತುಂಬೆಯಲ್ಲಿ ಡೋಸು ಏರಿಸಿದರು.
ನಾನು ಬರೆದುಕೊಂಡೆ: ಗಾಢ ಹಳದಿ, ಸರಿ ಉಂಟು.

ಅದು ಮಂಗಳವಾರ.
ಜೆಪ್ಪುವಿನಲ್ಲಿ ತಮ್ಮನ ಸೆಲೂನಿಗೆ ರಜೆ.
ಅವನ ಹೆಸರು ಸುಕೇಶ,
ಹೆಸರು ಕೇಳಿ ನಗದ ಗಿರಾಕಿ ಇಲ್ಲ.
ಕನ್ನಡಿಯ ಎದುರಿನ ಮೀನಿನ ಪೆಟ್ಟಿಗೆ ಖಾಲಿ ಮಾಡಿ
ಪಾಚಿ ತಿಕ್ಕಿ, ಕಲ್ಲು ತೊಳೆದು,
ನಲ್ಲಿಗೆ ಪೈಪು ಸಿಕ್ಕಿಸಿ
ನೇರ ತುಂಬಿಸಿಬಿಟ್ಟಿದ್ದಾನೆ.
ಸಂಜೆ ಫೋನು ಮಾಡಿದ:
"ಅಕ್ಕಾ, ನಿನ್ನ ನೀರು ನನ್ನ ಮೀನು ಕೊಂದಿತು."

ನಿನ್ನ ನೀರು!
ಬಾರದ ದಿನ ಬೈದವರುಂಟು,
ನೀರನ್ನೇ ನನ್ನ ಹೆಸರಿಗೆ ಬರೆದವರು
ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಹೋಗಿ ನೋಡಿದೆ.
ಏಳು ಗಪ್ಪಿ, ಎರಡು ಏಂಜಲ್,
ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟಿದ್ದ.
ಬಂದರಿಗೆ ಹೋದರೆ ಕಿವಿರು ಬಿಡಿಸಿ ನೋಡುತ್ತೇನೆ,
ಕೆಂಪಗಿದ್ದರೆ ತಾಜಾ ಎಂದು ಚೌಕಾಸಿ ಮಾಡದೆ ಕೊಳ್ಳುತ್ತೇನೆ.
ಇವುಗಳದ್ದೂ ಕೆಂಪಗೇ ಇತ್ತು.

ಮರುದಿನ ಕುರ್ಚಿಯಲ್ಲಿ ಬೆಂಜಮಿನ್ ಮೊಂತೇರೊ,
ಅರ್ಧ ಮುಖಕ್ಕೆ ನೊರೆ.
ಕತೆಯೆಲ್ಲ ಕೇಳಿ, ಕತ್ತಿಯನ್ನು ಕೈಯಿಂದ ಸರಿಸಿ ಹೇಳಿದರು:
"ಹೈಪೋ ಹಾಕು ಮಾರಾಯಾ! ನಾಲ್ಕು ಹರಳು ಸಾಕು."
ಫಳ್ನೀರಿನ ಅವರ ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷ.
ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಉಳಿದಿತ್ತು,
ಕಲ್ಲುಸಕ್ಕರೆಯಂಥದ್ದು.
"ಲಗ್ನದ ಫೋಟೋ ಇದರಲ್ಲೇ ಅದ್ದುವುದು.
ಇಲ್ಲದಿದ್ದರೆ ಬೆಳಕು ತಾಗಿ ತಾಗಿ
ಮದುಮಗ, ಮದುಮಗಳು, ಪಾದ್ರಿ, ಕೇಕು,
ಎಲ್ಲ ಒಂದೇ ಕಪ್ಪು."

ಎಷ್ಟೋ ಜನರನ್ನು ಅಲುಗದಂತೆ ನಿಲ್ಲಿಸಿದ ಉಪ್ಪು
ಇನ್ನು ಬಾಲ ಆಡಿಸುವವರ ಪಾಲಿಗೆ.

ನಾನು ಬಾಯಿ ಬಿಡಲಿಲ್ಲ.
ನಮ್ಮ ಲ್ಯಾಬಿನಲ್ಲೂ ಅದುಂಟು, ಉದ್ದ ಹೆಸರಿನ ಡಬ್ಬದಲ್ಲಿ.
ಸ್ಯಾಂಪಲಿನ ಬಾಟಲಿಗೆ ಮೊದಲೇ ಚಿಟಿಕೆ ಹಾಕಿಡುತ್ತೇವೆ,
ನೀರಿನಲ್ಲಿ ಕ್ರಿಮಿ ಇದ್ದರೆ
ಎಣಿಸುವ ಮೊದಲು ದಾರಿಯಲ್ಲಿ ಸಾಯದಿರಲಿ ಎಂದು.
ಕಣ್ಣಿಗೆ ಕಾಣದವಕ್ಕೆ ದಿನಾ ಹಾಕುವ ನನಗೆ
ಮೀನು ಹೊಳೆದಿರಲಿಲ್ಲ.

ಈಗ ಸೋಮವಾರ ರಾತ್ರಿ ಅಂಗಡಿಯ ಹಿಂದೆ
ಎರಡು ಬಕೆಟ್ಟು ನೀರು, ಮುಚ್ಚಳವಿಲ್ಲದೆ.
ಸೊಳ್ಳೆ ಬಂದೀತು ಎಂದು ಸುಕೇಶ ಮೇಲೆ ಬಲೆ ಕಟ್ಟುತ್ತಾನೆ,
ಗಿರಾಕಿಯ ಕೊರಳಿಗೆ ಬಟ್ಟೆ ಸುತ್ತಿದ ಹಾಗೆ.
ಮಂಗಳವಾರ ಮಧ್ಯಾಹ್ನ ಹೋಗಿ
ಹರಳು ಉದುರಿಸಿ, ಕೈಯಾಡಿಸಿ,
ಆಫೀಸಿನ ಕೊಳವೆಯನ್ನು ಬಾಗಿಲ ಬೆಳಕಿಗೆ ಹಿಡಿಯುತ್ತೇನೆ.
ಎರಡು ಹನಿ.
ಏನೂ ಬರುವುದಿಲ್ಲ.
ಬಾರದಿರಲಿ ಎಂದೇ ನಿಂತವಳು,
ಆದರೂ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ.

ಹೊಸ ಗಪ್ಪಿಗಳು ಕನ್ನಡಿಯಲ್ಲಿ ಇಮ್ಮಡಿಯಾಗಿ ಓಡಾಡುತ್ತವೆ.
ಬಾಯಾರಿಕೆ. ನಲ್ಲಿ ತಿರುಗಿಸಿ ಬೊಗಸೆ ಒಡ್ಡಿದೆ,
ಅದೇ ಖಾರ ವಾಸನೆ.
"ಬಕೆಟಿನದ್ದೇ ಕುಡಿಯಬಹುದಲ್ಲ ಅಕ್ಕಾ,
ಮೀನಿಗೆ ಆಗುವುದು ನಿನಗೆ ಆಗುವುದಿಲ್ಲವಾ?"
ಬಾಯಿ ಒರೆಸಿಕೊಂಡು ಹೇಳಿದೆ:
ಅದು ಬೇಡ ಮಾರಾಯಾ,
ಅದರಲ್ಲಿ ಏನು ಬೇಕಾದರೂ ಬದುಕೀತು.